ಬರಿಗಣ್ಣು

ಎಡಗಡೆಯ ಕಡ್ಡಿ ಸಡಿಲ, ಒಂದೂವರೆ ಸುತ್ತು ತಿರುಗಿಸಿದರೆ ಸಾಕು, ಸಾಸಿವೆಯಷ್ಟು ಸಣ್ಣ ತಿರುಪು ಅದು, ಇಸ್ಪೀಟೆಲೆ ಹಂಚುವ ಹುಡುಗಿ ಪ್ರತಿ ಸಲ ಬಾಗಿದಾಗಲೂ ಅವಳ ಕನ್ನಡಕ ಮೂಗಿನ ಮೇಲಿಂದ ಅರ್ಧ ಬೆರಳು ಜಾರುತ್ತದೆ, ಅವಳು ಭುಜ ಎತ್ತಿ ಅದನ್ನು ಮೇಲಕ್ಕೆ ತಳ್ಳುತ್ತಾಳೆ, ಕೈಯಲ್ಲಿ ಮುಟ್ಟುವಂತಿಲ್ಲ ಪಾಪ, ಹಂಚುವವರ ಕೈ ಮೇಜು ಬಿಟ್ಟು ಮೇಲೆದ್ದರೆ ಎರಡೂ ಅಂಗೈ ಬಿಡಿಸಿ ಛಾವಣಿಯ ಕ್ಯಾಮೆರಾಕ್ಕೆ ತೋರಿಸಬೇಕಂತೆ, ನೋಡಪ್ಪಾ ನಾನೇನೂ ಕದ್ದಿಲ್ಲ ಅಂತ, ಒಂದು ಕನ್ನಡಕ ಏರಿಸಲು ಅಷ್ಟೆಲ್ಲ ಸಾಕ್ಷಿ ಒದಗಿಸುವುದಕ್ಕಿಂತ ಭುಜವೇ ವಾಸಿ, ನನ್ನ ಅಂಗಿಯ ಜೇಬಿನಲ್ಲಿ ಪುಟ್ಟ ತಿರುಪುಳಿ ಇದೆ, ರಜೆಯಲ್ಲೂ ಇರುತ್ತದೆ, ಬಾಮ್ಮ ಒಂದು ನಿಮಿಷ, ಕೊಡು ಇಲ್ಲಿ, ಅನ್ನಬೇಕೆನಿಸುತ್ತದೆ, ಅನ್ನುವಂತಿಲ್ಲ, ಸಾರ್ ನಿಮ್ಮ ಸರದಿ, ಅಂತ ಅವಳೇ ಅನ್ನುತ್ತಾಳೆ, ಹೌದು ನನ್ನ ಸರದಿ, ಮುಂದೆ ಮಕಾಡೆ ಮಲಗಿರುವ ಎರಡು ಎಲೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಎತ್ತಿ ನೋಡುತ್ತೇನೆ, ಕಳಾವರ್ ಒಂಬತ್ತು, ಡೈಮನ್ ನಾಲ್ಕು, ಮಾತು ಬಿಟ್ಟ ಗಂಡ ಹೆಂಡಿರ ಹಾಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಜೋಡಿ, ಮುಂದಕ್ಕೆ ತಳ್ಳಿ ಕೈಬಿಡುತ್ತೇನೆ — ಎಲೆಗಳನ್ನು, ಗಂಡ ಹೆಂಡಿರನ್ನಲ್ಲ, ಛೆ, ಇವತ್ತು ಯಾವ ಹೋಲಿಕೆ ಹುಡುಕಿದರೂ ಅಲ್ಲಿಗೇ ಹೋಗಿ ನಿಲ್ಲುತ್ತದೆ, ಯಾಕೆಂದರೆ ನನ್ನ ಬೆನ್ನ ಹಿಂದೆ ಮೂರು ಹೆಜ್ಜೆ ದೂರದಲ್ಲಿ, ಕೆಂಪು ಹಗ್ಗದ ಆಚೆ, ಎತ್ತರದ ಸ್ಟೂಲಿನ ಮೇಲೆ ನನ್ನ ಹೆಂಡತಿ ಕೂತಿದ್ದಾಳೆ, ತೊಡೆಯ ಮೇಲೆ ಪುಸ್ತಕ, ಪುಸ್ತಕದ ಮೇಲೆ ಫೋನು, ಆ ಫೋನಿನಲ್ಲಿ ಒಂದು ಪತ್ರ, ಆ ಪತ್ರಕ್ಕೆ ಇವತ್ತು ಸಂಜೆ ಐದರೊಳಗೆ ಉತ್ತರ ಹೋಗಬೇಕು, ಈಗ ಎರಡೂ ಕಾಲು, ಇಲ್ಲಿಯ ಗೋಡೆಗೆ ಗಡಿಯಾರವಿಲ್ಲ, ನನ್ನ ಕೈಗಿದೆ.

ಇಪ್ಪತ್ತನಾಲ್ಕು ವರ್ಷದಿಂದ ಕನ್ನಡಕದ ಅಂಗಡಿ, ಕತ್ತಲೆ ಕೋಣೆಯಲ್ಲಿ ಜನರನ್ನು ಕೂರಿಸಿ ಗೋಡೆಯ ಅಕ್ಷರ ಓದಿಸುವುದು, ಇದು ಚೆನ್ನಾಗಿ ಕಾಣುತ್ತೋ ಅದೋ, ಮೊದಲನೇದೋ ಎರಡನೇದೋ, ಜನ ಅಲ್ಲೂ ಸುಳ್ಳು ಹೇಳುತ್ತಾರೆ, ಲಾರಿ ಓಡಿಸುವವರು ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಬಂದು ನಾನು ಲೈಟು ಹಾಕುವ ಮೊದಲೇ ಗಡಗಡ ಒಪ್ಪಿಸುತ್ತಾರೆ, ಐವತ್ತು ದಾಟಿದವರು ಓದೋ ಕನ್ನಡಕ ಬೇಡ ಸಾರ್, ಕೈ ಇನ್ನೊಂಚೂರು ಉದ್ದ ಇದ್ರೆ ಸಾಕು ಅನ್ನುತ್ತಾರೆ, ಕಣ್ಣು ನೋಡಿದರೆ ನನಗೆ ಗೊತ್ತಾಗುತ್ತದೆ, ಆ ವಿದ್ಯೆಯೇ ವರ್ಷಕ್ಕೊಂದು ಸಲ, ಎರಡೇ ದಿನ, ನನ್ನನ್ನು ಈ ಕ್ಯಾಸಿನೋ ಹೋಟೆಲಿಗೆ ಎಳೆದು ತರುತ್ತದೆ, ಜೂಜಿನ ಗೋಜಿಗೆ ಹೋಗಬೇಡ ಅಂದಿದ್ದರು ಅಪ್ಪ, ಇದು ಜೂಜಲ್ಲಪ್ಪ, ಪೋಕರ್, ಎಲೆ ಓದೋದಲ್ಲ ಮುಖ ಓದೋದು ಅಂದಿದ್ದೆ ನಾನು, ಹಂಗಾದ್ರೆ ಕನ್ನಡಿ ನೋಡ್ಕೊ ಖರ್ಚಿಲ್ಲ ಅಂದಿದ್ದರು ಅವರು, ಬೆಳಗ್ಗೆ ಹನ್ನೊಂದಕ್ಕೆ ನಲವತ್ತು ಜನ ಸಮಸಮನಾದ ಬಿಲ್ಲೆಗಳನ್ನು ಮುಂದಿಟ್ಟುಕೊಂಡು ಕೂತೆವು, ಬಿಲ್ಲೆ ಖಾಲಿಯಾದವರು ಎದ್ದು ಹೋಗಬೇಕು, ಕೊನೆಗೆ ಒಬ್ಬರೇ ಉಳಿಯಬೇಕು, ಈಗ ಒಂದೇ ಮೇಜು, ಒಂಬತ್ತು ಜನ, ನಾನೂ ಇದ್ದೇನೆ, ಹದಿಮೂರು ವರ್ಷದಲ್ಲಿ ಇಷ್ಟು ದೂರ ಬಂದದ್ದು ಇದೇ ಮೊದಲು, ನನ್ನ ಮುಖ ಸುಣ್ಣ ಬಳಿದ ಗೋಡೆ, ಒಂದು ಮೊಳೆ ಕೂಡ ಇಲ್ಲ, ಎದುರಿಗೆ ಕೂತ ಸೂಟಿನವನಿಗೆ ಒಳ್ಳೆಯ ಎಲೆ ಬಂದರೆ ಉಗುಳು ನುಂಗುತ್ತಾನೆ, ಬಲಗಡೆಯ ಗಡ್ಡದವನು ಸುಳ್ಳಾಡುವಾಗ ನೀರಿನ ಲೋಟ ಹುಡುಕುತ್ತಾನೆ, ಎಲ್ಲರೂ ನನ್ನ ಅಂಗಡಿಯ ಗೋಡೆಯ ಅಕ್ಷರಗಳೇ, ದೊಡ್ಡದಾಗಿ ಬರೆದಿದೆ, ಹೆಂಡತಿಯೊಬ್ಬಳ ಮುಖ ಮಾತ್ರ ಮೂರು ವಾರದಿಂದ ಕೊನೆಯ ಸಾಲಿನ ಹಾಗೆ, ಇದೆ, ಆದರೆ ಓದಲಾಗುತ್ತಿಲ್ಲ.

ಅವಳು ಬೀಜ ಪರೀಕ್ಷೆಯ ಲ್ಯಾಬಿನವಳು, ಒದ್ದೆ ಕಾಗದದ ಮೇಲೆ ಹತ್ತು ಸಾಲು ಹತ್ತು ಬೀಜ, ನೂರು, ಏಳನೇ ದಿನ ಎಷ್ಟು ಮೊಳೆತವು ಎಣಿಸಿ ಬರೆಯುವುದು, ಎಂಬತ್ತೈದು ಮೊಳೆತರೆ ಚೀಲ ಪಾಸು, ಅವಳ ಬಾಯಲ್ಲಿ ಜಗತ್ತೇ ನೂರಕ್ಕೆ ಇಷ್ಟು, ನಮ್ಮ ಪಕ್ಕದ ಮನೆಯವರು ನೂರಕ್ಕೆ ಎಪ್ಪತ್ತು ಒಳ್ಳೆಯವರು, ನಾನು ಮಾಡುವ ಕಾಫಿ ನೂರಕ್ಕೆ ಐವತ್ತು, ಜೂಜು ನನಗೆ ಬೇಡಪ್ಪ, ದಿನಾ ನೂರು ಸಲ ಆಡಿ ಸಾಕಾಗಿದೆ ಅನ್ನುತ್ತಾಳೆ, ನಿನ್ನದು ಬೀಜ, ನನ್ನದು ಎಲೆ, ಅಂತೂ ಒಂದೇ ಗಿಡದವರು ಕಣೇ ಅಂತ ಮದುವೆಯಾದ ಹೊಸದರಲ್ಲಿ ಹೇಳಿ ನಗಿಸಿದ್ದೆ, ಆಮೇಲೆ ಅದನ್ನೇ ಇನ್ನೂರು ಸಲ ಹೇಳಿ ನಗಿಸದೆಯೂ ಇದ್ದೆ, ಮೂರು ವಾರದ ಹಿಂದೆ ಆ ಕಾಗದ ಬಂತು, ರೈಲಿನಲ್ಲಿ ಹತ್ತು ಗಂಟೆ ದೂರದ ಬೆಟ್ಟದೂರಿನಲ್ಲಿ ಕಾಡುಬೀಜಗಳನ್ನು ಕಾಪಿಡುವ ಹೊಸ ಲ್ಯಾಬು, ಅದನ್ನು ಕಟ್ಟಿ ನಿಲ್ಲಿಸಲು ಎರಡು ವರ್ಷ, ಮುಖ್ಯಸ್ಥೆ ನೀವೇ ಆಗಬೇಕು, ಅಂತ, ಅವಳು ಅಡುಗೆಮನೆಯ ಕಟ್ಟೆಗೆ ಒರಗಿಕೊಂಡು ಮೆಲ್ಲಗೆ ಹೇಳಿದಳು, ರೀ, ನಮ್ಮ ಡೈರೆಕ್ಟರು ಕರೆದಿದ್ರು, ಹಿಂಗಂತೆ, ನಾನೇನು ಮಾಡಿದೆ, ತಕ್ಷಣ ಡೈರೆಕ್ಟರ್ ಆದೆ, ಮೂಗಿನಲ್ಲಿ ಮಾತಾಡುತ್ತಾ ಮಾತಿಗೊಂದು ಅಂದ್ರೆ ಸೇರಿಸುತ್ತಾ, ಅಂದ್ರೆ ಮೇಡಂ, ಅಂದ್ರೆ ತಾವು ಹೋದ್ರೆ, ಅಂದ್ರೆ ಬೀಜಕ್ಕೂ ಒಂದು ಮರ್ಯಾದೆ ಅಂದ್ರೆ, ಅವಳು ನಕ್ಕಳು, ನಗು ನಿಂತ ಮೇಲೆ ನನ್ನ ಮುಖವನ್ನೇ ನೋಡುತ್ತಾ ನಿಂತಳು, ನೀವೇನಂತೀರಿ, ಆಗ ರೈಲು ನಿಲ್ದಾಣದ ಹೆಂಗಸಿನ ದನಿ ತೆಗೆದೆ, ಪ್ರಯಾಣಿಕರ ಗಮನಕ್ಕೆ, ನನ್ನ ಹೆಂಡತಿಯವರು ಬೆಟ್ಟದೂರಿಗೆ ಹೊರಡಲು ಸಿದ್ಧರಾಗಿದ್ದಾರೆ, ದಯವಿಟ್ಟು ದಾರಿ ಬಿಡಿ, ಹೋಗೇ, ಧಾರಾಳವಾಗಿ ಹೋಗು, ನನಗೇನು, ಆರಾಮಾಗಿರ್ತೀನಿ, ಅವಳು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದಳು, ಒರೆಸುತ್ತಲೇ ಇದ್ದಳು, ಅಯ್ಯೋ ಮತ್ತೆ ಮಸುಕಾಯ್ತಾ, ಬಟ್ಟೇಲಿ ಒರೆಸಬೇಡ ಗೀರು ಬೀಳುತ್ತೆ, ನಾಳೆ ಅಂಗಡಿಗೆ ತಗೊಂಡು ಬಾ ಲೇಪನ ಬದಲಾಯಿಸ್ತೀನಿ ಅಂದೆ, ಅಲ್ಲಿಗೆ ಆ ವಿಷಯ ಮುಗಿಯಿತು, ಮುಗಿಯಿತು ಅಂದರೆ ಇಬ್ಬರೂ ಅದರ ಸುತ್ತ ಸುತ್ತು ಹಾಕಿಕೊಂಡು ಓಡಾಡತೊಡಗಿದೆವು, ಹಾಲ್‌ನ ಮಧ್ಯೆ ಯಾರೋ ಬೀರು ತಂದಿಟ್ಟು ಹೋದ ಹಾಗೆ, ಮಗಳು ಹಾಸ್ಟೆಲ್ಲಿನಿಂದ ಫೋನು ಮಾಡಿದಾಗ ಅವಳೂ ಕೇಳಿದಳು, ಅಮ್ಮ ಹೋಗ್ತಾರಾ, ಅಮ್ಮನ್ನೇ ಕೇಳು ಅಂದೆ, ಅಮ್ಮನನ್ನು ಕೇಳಿದರೆ ಅಪ್ಪನ್ನ ಕೇಳು ಅಂದಳಂತೆ, ಪೋಕರಿನಲ್ಲಿ ಇದಕ್ಕೆ ಚೆಕ್ ಅನ್ನುತ್ತಾರೆ, ಏನೂ ಹಾಕದೆ, ಬಿಟ್ಟೂ ಕೊಡದೆ, ಮೇಜನ್ನು ಮೆಲ್ಲಗೆ ಕುಟ್ಟಿ ಸರದಿಯನ್ನು ಪಕ್ಕದವರಿಗೆ ದಾಟಿಸುವುದು, ಮೂರು ವಾರ ನಾವಿಬ್ಬರೂ ಕುಟ್ಟುತ್ತಾ ಕೂತೆವು, ಮಧ್ಯೆ ಒಂದು ದಿನ ಅವಳೇ ಅಂದಳು, ಈ ಸಲ ನಿಮ್ಮ ಜೊತೆ ನಾನೂ ಬರ್ತೀನಿ, ಎಲ್ಲಿಗೆ, ನಿಮ್ಮ ಎಲೆಯೂರಿಗೆ.

ಆಟ ಮುಂದುವರಿದಿದೆ, ಬಿಲ್ಲೆಗಳ ಕಿಟಿಕಿಟಿ, ಒಂಬತ್ತು ಜನವೂ ಬೆರಳಿನಲ್ಲಿ ಬಿಲ್ಲೆ ಆಡಿಸುತ್ತಿದ್ದರೆ ಎಲ್ಲೋ ಹಲ್ಲು ಕಟಗುಟ್ಟಿದ ಹಾಗೆ ಕೇಳಿಸುತ್ತದೆ, ಸೂಟಿನವನು ಎದ್ದು ಹೋದ, ಉಗುಳು ನುಂಗಿಯೇ ಹೋದ, ಗಡ್ಡದವನೂ ಹೋದ, ಈಗ ನನ್ನ ನೇರ ಎದುರಿಗೆ ಸ್ವೆಟರ್ ಅಜ್ಜಿ, ಆ ಹೆಸರು ನಾನಿಟ್ಟದ್ದು, ಹಸಿರು ಉಣ್ಣೆಯ ಉಂಡೆ ಮಡಿಲಲ್ಲಿಟ್ಟುಕೊಂಡು, ತನ್ನ ಸರದಿ ಇಲ್ಲದಾಗೆಲ್ಲ ಹೆಣೆಯುತ್ತಾಳೆ, ನಿವೃತ್ತ ಹೆಡ್‌ಮಿಸ್ಸಂತೆ, ಹಾಗಂತ ತಾನೇ ಹೇಳಿಕೊಂಡಳು, ಬೆಳಗ್ಗೆಯಿಂದ ತೋಳೊಂದು ಮುಗಿದು ಇನ್ನೊಂದು ಶುರುವಾಗಿದೆ, ಓದಲು ಏನೂ ಸಿಗದ ಮುಖ, ಸೂಜಿಯ ಲಯ ಒಂದೇ ಸಮ, ನಾನೂ ಕಡಿಮೆಯೇ, ಗೋಡೆ, ಸುಣ್ಣ, ಬೆಳಗ್ಗೆ ತಿಂಡಿಯ ಹೊತ್ತಿನಲ್ಲಿ ಕೇಳಿದ್ದೆ ಹೆಂಡತಿಯನ್ನು, ಉತ್ತರ ಬರೆದ್ಯಾ, ಬರೀತೀನಿ ಬಿಡ್ರಿ, ಇಲ್ಲಿರೋ ಕುಂಡದ ಗಿಡ ಎಲ್ಲಾ ಪ್ಲಾಸ್ಟಿಕ್ಕು ನೋಡಿದ್ರಾ, ಇಪ್ಪತ್ತಾರು ಎಣಿಸಿದೆ, ಒಂದು ಮಾತ್ರ ನಿಜದ್ದು, ಈಜುಕೊಳದ ಹತ್ರ, ಅದಕ್ಕೆ ಯಾರೂ ನೀರು ಹಾಕಿಲ್ಲ, ಪ್ಲಾಸ್ಟಿಕ್ಕು ಅಂದ್ಕೊಂಡಿದ್ದಾರೆ, ನಾನು ಲೋಟದಲ್ಲಿ ಹಾಕಿ ಬಂದೆ, ಇದು ಉತ್ತರವೇ, ಉತ್ತರ ಅಂದರೆ ಹೌದೋ ಅಲ್ಲವೋ, ನಾನು ಗಿಡಕ್ಕೆ ನೀರು ಹಾಕಿದೆಯಾ ಅಂತಲೇ ಕೇಳಿದ್ದೇನೋ ಎಂಬ ಹಾಗೆ, ಕೇಳುವುದಾದರೆ ಇನ್ನೊಂದು ಸಲ ಕೇಳಬಹುದಿತ್ತು, ನಿನಗೆ ಹೋಗಬೇಕಾ ಅಂತ, ಅದೊಂದನ್ನೇ ನಾನು ಕೇಳಿಲ್ಲ, ಹೋಗು ಅಂದಿದ್ದೇನೆ, ಹೋಗಬೇಕಾ ಅಂದಿಲ್ಲ, ಕೇಳಿದರೆ ಅವಳು ನನ್ನನ್ನೂ ಕೇಳುತ್ತಾಳೆ, ಸಾರ್ ನಿಮ್ಮ ಸರದಿ, ಹುಡುಗಿಯ ಕನ್ನಡಕ ಮತ್ತೆ ಜಾರಿದೆ, ನನ್ನ ಕೈಗೆ ಇಸ್ಪೀಟು ಗುಲಾಮ, ಇಸ್ಪೀಟು ಎಂಟು, ಪರವಾಗಿಲ್ಲ, ಉಳಿದವರೆಲ್ಲ ಎಲೆ ಕೆಡವಿದರು, ಅಜ್ಜಿ ಸೂಜಿ ಕೆಳಗಿಟ್ಟಳು, ಆಡುತ್ತಾಳೆ, ಮೇಜಿನ ಮಧ್ಯೆ ಇಬ್ಬರಿಗೂ ಸೇರಿದ ಐದು ಎಲೆಗಳು ಒಂದೊಂದಾಗಿ ಬಿಚ್ಚಿಕೊಂಡವು, ಆಟೀನು ಎಕ್ಕ, ಆಟೀನು ಹತ್ತು, ಇಸ್ಪೀಟು ಏಳು, ಆಟೀನು ಮೂರು, ಕೊನೆಗೆ ಕಳಾವರ್ ರಾಜ, ಒಂದೇ ಒಂದು ಒಂಬತ್ತು ಬಂದಿದ್ದರೆ ಏಳು ಎಂಟು ಒಂಬತ್ತು ಹತ್ತು ಗುಲಾಮ ಅಂತ ಏಣಿ ಕಟ್ಟಿ ಹತ್ತುತ್ತಿದ್ದೆ, ಬರಲಿಲ್ಲ, ಕೈ ಖಾಲಿ, ಪೂರ್ತಿ ಖಾಲಿ, ಆದರೆ ಮೇಜಿನ ಮೇಲೆ ಮೂರು ಆಟೀನು ಇವೆ, ನನ್ನ ಕೈಯಲ್ಲಿ ಇನ್ನೆರಡು ಆಟೀನು ಇದ್ದರೆ ಒಂದೇ ಜಾತಿಯ ಐದಾಗಿ ಅಜ್ಜಿ ಸತ್ತಳು, ಇವೆ ಅಂತ ಅವಳು ನಂಬಿದರೆ ಸಾಕು, ಇರಬೇಕಿಲ್ಲ, ಇದೇ ಗಳಿಗೆಗಾಗಿ ನಾನು ವರ್ಷವಿಡೀ ಅಕ್ಷರ ಓದಿಸುವುದು, ಉಸಿರು ಸಮ, ಕಣ್ಣು ಸಮ, ಎರಡೂ ಕೈಯಿಂದ ಇದ್ದಬದ್ದ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ದಬ್ಬಿದೆ, ಎಲ್ಲಾ ಹಾಕಿದೀನಮ್ಮ ಅಂದೆ, ಗಂಟಲು ಕೂಡ ಅಲುಗಲಿಲ್ಲ, ಭೇಷ್ ಅಂದುಕೊಂಡೆ ಒಳಗೇ, ಅಜ್ಜಿ ನೋಡಿದಳು, ತುಂಬಾ ಹೊತ್ತು ನೋಡಿದಳು, ಆದರೆ — ಇದೇನು — ನನ್ನನ್ನಲ್ಲ, ನನ್ನ ಎಡ ಕಿವಿಯ ಪಕ್ಕದಿಂದ ಹಾದು ಹಿಂದೆಲ್ಲೋ ನೋಡಿದಳು, ಗೋಡೆಯಾಚೆ ಕಿಟಕಿ ಇದೆಯೇನೋ ಎಂಬ ಹಾಗೆ, ಆಮೇಲೆ ಮೆಲ್ಲಗೆ ತನ್ನ ಬಿಲ್ಲೆಗಳನ್ನು ನನ್ನ ಬಿಲ್ಲೆಗಳ ಪಕ್ಕಕ್ಕೆ ಸರಿಸಿದಳು, ತೋರಿಸಪ್ಪ, ಅಂದಳು.

ತೋರಿಸಿದೆ, ಗುಲಾಮ, ಎಂಟು, ಯಾರಿಗೂ ಬೇಡವಾದ ಇಬ್ಬರು, ಅವಳ ಕೈಯಲ್ಲಿ ಒಂದು ರಾಣಿ, ಒಂದು ಏಳು, ಮೇಜಿನ ಏಳಿಗೆ ಜೋಡಿಯಾಗುವ ಬರೀ ಒಂದು ಏಳು, ಅಷ್ಟು ಬಡ ಜೋಡಿಯನ್ನು ನಂಬಿಕೊಂಡು ಮೂರು ಆಟೀನಿನ ಎದುರಿಗೆ ಯಾರಾದರೂ ಬರುತ್ತಾರೆಯೇ, ಅಜ್ಜಿ, ನಿಮಗೆ ಹೆಂಗೆ ಗೊತ್ತಾಯ್ತು, ಬಾಯಿಂದ ಬಂದೇಬಿಟ್ಟಿತು, ಅವಳು ಉಣ್ಣೆಯ ಉಂಡೆ ಹುಡುಕುತ್ತಾ, ನೀನು ಚೆನ್ನಾಗಿ ಆಡ್ತೀಯ ಕಣಪ್ಪ, ನಿನ್ನ ಮುಖದಲ್ಲಿ ಒಂದು ಚೂರು ಏನೂ ಸಿಗಲ್ಲ, ಅದಕ್ಕೇ ನಾನು ನಿನ್ನ ಮುಖ ನೋಡೋದು ಬಿಟ್ಟು ಎರಡು ಗಂಟೆ ಆಯ್ತು, ಹಿಂದೆ ಕೂತಿರೋರು ನಿನ್ನ ಹೆಂಡ್ತಿನಾ, ಹೌದು ಅಂದೆ, ನೀನು ಖಾಲಿ ಕೈಲಿ ಜೋರು ಮಾಡಿದಾಗೆಲ್ಲ ಆಯಮ್ಮ ಕನ್ನಡಕ ತೆಗೆದು ಒರೆಸ್ತಾರೆ, ನಿಜವಾದ ಎಲೆ ಇದ್ದಾಗ ತೆಗೆಯಲ್ಲ, ಬೆಳಗ್ಗೆಯಿಂದ ನಾಲ್ಕು ಸಲ ನೋಡಿದೆ, ನಾಲ್ಕೂ ಸರಿ, ಅಲ್ಲ ಅಜ್ಜಿ, ಅವಳಿಗೆ ರಾಜ ಯಾವುದು ಗುಲಾಮ ಯಾವುದು ಅಂತ್ಲೇ ಗೊತ್ತಿಲ್ಲ, ಎಲೆ ಗೊತ್ತಿಲ್ದೇ ಇರಬಹುದು ಕಣೋ, ನೀನು ಗೊತ್ತಲ್ಲ, ನಲವತ್ತು ವರ್ಷ ಪಾಠ ಮಾಡಿದೀನಿ, ಹೋಂವರ್ಕ್ ಮಾಡದೇ ಇರೋನ ಮುಖ ಯಾಕೆ ನೋಡಬೇಕು, ಪಕ್ಕದಲ್ಲಿ ಕೂತಿರೋನ ಮುಖ ನೋಡಿದ್ರೆ ಸಾಕು, ಹೋಗು, ಹೋಗಿ ಏನಾದ್ರೂ ತಿನ್ನು, ಬೆಳಗ್ಗೆಯಿಂದ ಉಪವಾಸ ಕೂತಿದ್ದೀಯ, ಎಲೆ ಹಂಚುವ ಹುಡುಗಿ ಕೂಡ ನಕ್ಕಳು, ನಗುವಿಗೆ ಕನ್ನಡಕ ಜಾರಿತು, ನಾನು ಏಳಲಿಲ್ಲ, ಅಲ್ಲ ಎದ್ದೆ, ಎದ್ದು ತಿರುಗಿದೆ, ಕೆಂಪು ಹಗ್ಗದ ಆಚೆ ಅವಳು ಇನ್ನೂ ಒರೆಸುತ್ತಿದ್ದಾಳೆ, ಮೈನಸ್ ಆರೂವರೆಯ ಗಾಜು ಅದು, ತೆಗೆದರೆ ಅವಳಿಗೆ ಚಾಚಿದ ತನ್ನ ಕೈಬೆರಳೇ ಮಂಜು, ಬರಿಗಣ್ಣು, ಮೂಗಿನ ಎರಡೂ ಬದಿಗೆ ಎರಡು ಸಣ್ಣ ಕೆಂಪು ಗುಳಿ, ನಾಲ್ಕಕ್ಕೆ ನಾಲ್ಕೂ ಸರಿ, ಅಯ್ಯಯ್ಯೋ, ನಾನು ಲೇಪನ ಬದಲಾಯಿಸಿದೆನಲ್ಲ, ನಾಲ್ಕು ಸಲ ಬದಲಾಯಿಸಿದೆ, ಹೊಸ ಹೊಸ ದ್ರವ ತಂದೆ, ಗಾಜು ತಯಾರಿಸುವ ಕಂಪನಿಗೆ ಎರಡು ದೂರು ಬರೆದೆ, ನನ್ನ ಹೆಂಡತಿಯ ಕನ್ನಡಕ ಕಾರಣವಿಲ್ಲದೆ ಮಸುಕಾಗುತ್ತದೆ ಅಂತ, ಪಾಪ ಅವರ ಏಜೆಂಟ್ ಬಂದು ಯಂತ್ರದಲ್ಲಿಟ್ಟು ನೋಡಿ, ಗಾಜು ಹರಳಿನ ಹಾಗಿದೆ ಸಾರ್ ಏನೂ ದೋಷ ಇಲ್ಲ ಅಂದು ಒಂದು ಬಾಟಲಿ ದ್ರವ ಬಿಟ್ಟಿ ಕೊಟ್ಟು ಹೋದ, ನಿಮಗೇನಯ್ಯ ಗೊತ್ತು, ಇಪ್ಪತ್ತನಾಲ್ಕು ವರ್ಷದ ಅನುಭವ ನನ್ನದು ಅಂದೆ ಅವನಿಗೆ, ಅಂದೆನಲ್ಲ, ಎಂಥಾ ಅನುಭವ, ಅವಳ ತಾಯಿಯ ಕಣ್ಣಿನ ಪರದೆ ಹರಿದಾಗ ಇನ್ನು ಬೆಳಕು ವಾಪಸು ಬರುವುದಿಲ್ಲ ಅಂತ ಗೊತ್ತಿದ್ದೂ, ಬರುತ್ತೆ ಬಿಡಿ ಅತ್ತೆ, ಎರಡು ತಿಂಗಳು ಅಂದೆ, ಅತ್ತೆ ನಕ್ಕರು, ಇವಳು ಬಾಗಿಲ ಹತ್ತಿರ ನಿಂತು ಕನ್ನಡಕ ತೆಗೆದಳು, ಮಗಳನ್ನು ಹಾಸ್ಟೆಲ್ಲಿಗೆ ಬಿಟ್ಟು ಬರುವಾಗ ಬಸ್ಸಿನಲ್ಲಿ, ನನಗೇನೂ ಅನ್ನಿಸ್ತಿಲ್ಲಪ್ಪ, ಒಳ್ಳೇದಾಯ್ತು, ಟೀವಿ ರಿಮೋಟು ಸಿಕ್ಕಿತು ಅಂದೆ, ಕನ್ನಡಕ ತೆಗೆದಳು, ಇಡೀ ದಾರಿ ಹಾಕಿಕೊಳ್ಳಲಿಲ್ಲ, ಕಿಟಕಿಯಾಚೆ ಏನು ಕಂಡಿತೋ ಅವಳಿಗೆ, ಮೂರು ವಾರದ ಹಿಂದೆ ಅಡುಗೆಮನೆಯಲ್ಲಿ, ಧಾರಾಳವಾಗಿ ಹೋಗು, ಆರಾಮಾಗಿರ್ತೀನಿ — ಗೊತ್ತಿತ್ತು, ಅವಳಿಗೆ ಆಗಲೇ ಗೊತ್ತಿತ್ತು, ನಾನು ಎಲ್ಲಾ ಬಿಲ್ಲೆ ಮುಂದಕ್ಕೆ ದಬ್ಬಿದ್ದೇನೆ, ಕೈಯಲ್ಲಿ ಏನೂ ಇಲ್ಲ ಅಂತ.

ಈಜುಕೊಳದ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದೇವೆ, ಬಿಸಿಲು, ಎಷ್ಟೊಂದು ಬಿಸಿಲು, ಒಳಗಿದ್ದಾಗ ಹೊರಗೆ ಹಗಲಿದೆ ಅಂತಲೇ ಮರೆತಿತ್ತು, ಅವಳ ಕನ್ನಡಕ ಈಗ ಮೂಗಿನ ಮೇಲಿದೆ, ಸೋತ್ರಾ, ಸೋತೆ, ಬೇಜಾರಾ, ಇಲ್ಲ ಅನ್ನಲು ಬಾಯಿ ತೆರೆದೆ, ಅವಳ ಕೈ ಕನ್ನಡಕದ ಕಡ್ಡಿಯತ್ತ ಏಳುವುದು ಕಾಣಿಸಿತು, ಹೂಂ, ಸ್ವಲ್ಪ ಬೇಜಾರು, ಕೈ ಕೆಳಗಿಳಿಯಿತು, ಅಬ್ಬಾ, ಇದೇನು ಯಂತ್ರವೇ, ಇಷ್ಟು ನಿಖರವಾದ ಯಂತ್ರ ನನ್ನ ಅಂಗಡಿಯಲ್ಲಿಲ್ಲ, ಆ ಅಜ್ಜಿ ಹೇಳಿದರು ಕಣೇ ಅಂತ ಹೇಳಿದೆ, ಎಲ್ಲ ಹೇಳಿದೆ, ಅವಳು ಮೊದಲು ಬಾಯಿ ಮುಚ್ಚಿಕೊಂಡಳು, ಅಯ್ಯೋ ನಾನೇ ಸೋಲಿಸಿದ್ನಾ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆ ಕಂಪನಿ ಏಜೆಂಟ್ ಬಂದಾಗ ನಾನು ಒಳಗೆ ಕೂತು ಹೆಂಗೆ ನಗು ತಡ್ಕೊಂಡೆ ಗೊತ್ತಾ ಅಂದಳು, ಯಾಕೆ ತೆಗೀತೀಯ, ಅಂದೆ, ನೀವು ಸುಳ್ಳು ಹೇಳೋವಾಗ ಬೆನ್ನು ನೆಟ್ಟಗಾಗುತ್ತೆ ರೀ, ಶಾಲೆಯ ಗ್ರೂಪ್ ಫೋಟೋದಲ್ಲಿ ನಿಂತ ಹಾಗೆ, ಮುಂದಿಂದ ನೋಡಿದ್ರೂ ಗೊತ್ತಾಗುತ್ತೆ ಹಿಂದಿಂದ ನೋಡಿದ್ರೂ ಗೊತ್ತಾಗುತ್ತೆ, ನೋಡ್ತಾ ಕೂತ್ರೆ ಜಗಳ ಆಡಬೇಕು ಅನ್ಸುತ್ತೆ, ಕನ್ನಡಕ ತೆಗೆದ್ರೆ ನೀವೊಂದು ಮಬ್ಬು ಅಷ್ಟೆ, ಮಬ್ಬಿನ ಜೊತೆ ಯಾರು ಜಗಳ ಆಡ್ತಾರೆ, ಒಂದು ಸಲವಾದ್ರೂ ಹೇಳಬಾರದಿತ್ತಾ ಅಂದೆ, ಹೇಳಿದ್ರೆ ಬೆನ್ನು ಬಗ್ಗಿಸಿಕೊಂಡು ಸುಳ್ಳು ಹೇಳೋದು ಕಲೀತಿದ್ರಿ, ಕಲಿಯುತ್ತಿದ್ದೆ, ನಿಜ, ಇಲ್ಲಿಗೆ ಯಾಕೆ ಬಂದೆ ಹೇಳು, ನೋಡೋಣ ಅಂತ ಬಂದೆ, ಸುಳ್ಳು ಹೇಳೋದೇ ಆಟ ಅಲ್ವಾ ಇಲ್ಲಿ, ಮನೇಲಿ ಹೇಳೋದಕ್ಕೂ ಇಲ್ಲಿ ಹೇಳೋದಕ್ಕೂ ಏನಾದ್ರೂ ವ್ಯತ್ಯಾಸ ಇದ್ಯಾ ಅಂತ, ಇದ್ಯಾ, ಇಲ್ಲ, ಅದೇ ಬೆನ್ನು, ಅಂದಳು, ನಗುತ್ತಲೇ ಅಂದಳು, ಫೋನು ನನ್ನ ಕಡೆ ತಿರುಗಿಸಿದಳು, ಬರೆದಾಯ್ತು ನೋಡಿ, ಕಳಿಸೋದೊಂದು ಬಾಕಿ, ಮಾನ್ಯರೇ, ನೀವು ನನ್ನ ಮೇಲಿಟ್ಟ ನಂಬಿಕೆಗೆ ನಾನು ಋಣಿ, ಆದರೆ ಮನೆಯ ಕಾರಣಗಳಿಂದಾಗಿ ಈ ಹೊಣೆಯನ್ನು ಹೊರಲು ಆಗುತ್ತಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ, ಕೊನೆಯ ಅಕ್ಷರದ ಪಕ್ಕದಲ್ಲಿ ಒಂದು ಸಣ್ಣ ನಿಂತ ಗೆರೆ, ಕಪ್ಪು, ಮಿನುಗಿ ಮಾಯವಾಗುತ್ತದೆ, ಮಿನುಗಿ ಮಾಯವಾಗುತ್ತದೆ, ಮನೆಯ ಕಾರಣ ಅಂದ್ರೆ ಯಾವುದು ಕಣೇ ಅಂದೆ, ಮತ್ಯಾವುದು, ಫ್ರಿಜ್ಜಾ, ನೀವೇ.

ನಾಲ್ಕೂ ಇಪ್ಪತ್ತು, ಮನೆಯ ಕಾರಣ ನಾನು, ಐದೂವರೆ ಅಡಿಯ ಮನೆಯ ಕಾರಣ, ಅಯ್ಯೋ ನಾನು ಹೋಗು ಅಂದಿದ್ದೆನಲ್ಲ ಅನ್ನೋಣವೆಂದರೆ ಆ ಮಾತಿಗೆ ಅವಳು ಯಾವ ಬೆಲೆ ಕಟ್ಟಿದ್ದಾಳೆ ಅಂತ ಈಗ ಗೊತ್ತು, ಹೋಗು ಅಂತ ನಾನು ಅಂದಷ್ಟೂ ಅವಳಿಗೆ ಕೇಳಿಸಿದ್ದು ಹೋಗಬೇಡ, ಗಂಟಲಿನಲ್ಲಿ ಲಿಫ್ಟಿನ ದನಿ ತಯಾರಾಗಿ ನಿಂತಿದೆ, ಇಲ್ಲಿಯ ಲಿಫ್ಟಿನೊಳಗೆ ಮಾತಾಡುವ ಆ ಜೇನು ಸುರಿವ ಹೆಂಗಸು, ಬಾಗಿಲುಗಳು ತೆರೆಯುತ್ತಿವೆ, ಬೆಟ್ಟದೂರಿಗೆ ಹೋಗುವವರು ಒಳಗೆ ಬನ್ನಿ, ಎರಡೇ ದಿನಕ್ಕೆ ಕಲಿತುಬಿಟ್ಟಿದ್ದೇನೆ, ಚೆನ್ನಾಗಿ ಬರುತ್ತದೆ, ಬಾಗಿಲು — ಅಂದೆ, ಅವಳು ನನ್ನ ಮೊಣಕೈ ಹಿಡಿದಳು, ಯಾರ ದನಿಯಲ್ಲೂ ಬೇಡ ರೀ, ನಿಮ್ಮದರಲ್ಲಿ ಹೇಳಿ, ನನ್ನದು ಯಾವುದು, ಡೈರೆಕ್ಟರದ್ದು ಗೊತ್ತು, ಅಪ್ಪನದ್ದು ಗೊತ್ತು, ಲಾರಿಯವನದ್ದು, ಏಜೆಂಟನದ್ದು, ನನ್ನದು ಹೇಗಿತ್ತು, ಕೆಮ್ಮಿದೆ, ಭಯ ಕಣೇ, ಬಂದ ದನಿ ತೆಳ್ಳಗಿತ್ತು, ಇಸ್ತ್ರಿ ಮಾಡದ್ದು, ಭಯ ನನಗೆ, ಬೆಳಗ್ಗೆ ನೀನು ಹಲ್ಲುಜ್ಜುತ್ತಾ ಅರ್ಧ ದನಿಯಲ್ಲಿ ಏನನ್ನೋ ಎಣಿಸ್ತೀಯಲ್ಲ, ಅದು ಕೇಳಿಸದೇ ಇದ್ರೆ ನನಗೆ ಏಳಬೇಕು ಅಂತಲೇ ಗೊತ್ತಾಗಲ್ಲ, ಅಂಗಡಿಯಿಂದ ಬಂದು ಬೀಗ ನಾನೇ ತೆಗೀಬೇಕು, ಯಾರ ಹಾಗೆ ಮಾತಾಡಿದ್ರೂ ನಗೋರಿಲ್ಲ, ಸುಮ್ಮನಾಗ್ತೀನಿ, ಸುಮ್ಮನಾದ್ರೆ ಅಲ್ಲಿ ಯಾರಿರ್ತಾರೆ ಅಂತ ನನಗೇ ಗೊತ್ತಿಲ್ಲ, ಆರಾಮಾಗಿರಲ್ಲ ನಾನು, ಒಂದು ದಿನವೂ ಇರಲ್ಲ, ಹೋಗಬೇಡ ಅನ್ಸುತ್ತೆ, ಆಮೇಲೆ ನೀನು ಆ ಲ್ಯಾಬು ಕಟ್ಟೋದು ನೋಡಬೇಕು ಅಂತಲೂ ಅನ್ಸುತ್ತೆ, ಎರಡೂ ನಿಜ, ಎರಡನ್ನೂ ಒಟ್ಟಿಗೆ ಹೇಳೋ ದನಿ ನನ್ನ ಹತ್ರ ಇರಲಿಲ್ಲ, ಹೇಳುತ್ತಾ ಹೇಳುತ್ತಾ ನೋಡುತ್ತಿದ್ದೇನೆ, ಅವಳ ಕೈ ತೊಡೆಯ ಮೇಲೆ, ಎತ್ತಲಿಲ್ಲ, ದಪ್ಪ ಗಾಜಿನ ಹಿಂದೆ ಸಣ್ಣದಾಗಿ ಕಾಣುವ ಆ ಎರಡು ಕಣ್ಣು ಇಷ್ಟು ನೆಟ್ಟಗೆ ನನ್ನನ್ನು ನೋಡಿದ್ದು ಯಾವಾಗ, ನನ್ನ ಬೆನ್ನು ಬಾಗಿದೆ, ನನಗೇ ಗೊತ್ತಾಗುತ್ತಿದೆ, ಮೂಟೆ ಇಳಿಸಿದವನ ಹಾಗೆ ಬಾಗಿದೆ, ಭಯ ನೂರಕ್ಕೆ ಎಷ್ಟು, ಕೇಳಿದಳು, ಲ್ಯಾಬಿನ ದನಿಯಲ್ಲೇ, ಅರವತ್ತು ಅಂದೆ, ಮಿಕ್ಕ ನಲವತ್ತು, ಹೋಗು ಅಂತ, ಗದ್ದೆ ಬೀಜ ಆಗಿದ್ರೆ ಫೇಲು, ಅಂದಳು, ಕಾಡುಬೀಜಕ್ಕೆ ನಲವತ್ತು ಬಂದ್ರೆ ನಾವು ಲ್ಯಾಬಲ್ಲಿ ಕುಣೀತೀವಿ ರೀ, ಅವು ಹಠಮಾರಿಗಳು, ಸುಲಭಕ್ಕೆ ಬಾಯಿ ಬಿಡಲ್ಲ, ಅದನ್ನು ಹೇಳುವಾಗ ಅವಳ ಮುಖ, ಅಯ್ಯೋ ಆ ಮುಖ, ಇಷ್ಟು ದೊಡ್ಡ ಅಕ್ಷರವನ್ನು ಮೂರು ವಾರದಿಂದ ಓದಲಾಗುತ್ತಿಲ್ಲ ಅಂತ ಕೂತಿದ್ದೆನೇ ನಾನು, ಆದರೂ ಓದಬಾರದು, ಈ ಸಲ ಓದಬಾರದು, ಕೇಳಬೇಕು, ನಿನಗೆ ಹೋಗಬೇಕಾ, ಕೇಳಿದೆ, ಹೋಗ್ಬೇಕು, ಪ್ರಶ್ನೆ ಮುಗಿಯುವ ಮೊದಲೇ ಬಂತು, ಬಾಗಿಲ ಹಿಂದೆಯೇ ಕಾದು ನಿಂತಿದ್ದವರ ಹಾಗೆ, ಹೋಗ್ಬೇಕು ರೀ, ತುಂಬಾ, ಅಂದು ತನಗೇ ನಾಚಿಕೆಯಾದಂತೆ ನಕ್ಕಳು, ಹತ್ತು ಗಂಟೆ ದೂರ ಅಲ್ವಾ, ಶನಿವಾರ ಅಂಗಡಿ ಬೇಗ ಮುಚ್ಚಿ ಹೊರಟ್ರೆ ಭಾನುವಾರ ತಿಂಡಿಗೆ ನೀವು ಅಲ್ಲಿ, ಬೆಟ್ಟದ ಜನಕ್ಕೂ ಕಣ್ಣಿದೆ, ಕನ್ನಡಕ ಬೇಕಾಗುತ್ತೆ, ಎಲ್ಲ ಯೋಚಿಸಿದ್ದಾಳೆ, ಬೇಡ ಅಂತ ಬರೆಯುವಾಗಲೂ ಯೋಚಿಸಿದ್ದಳು, ಅಳು ಬರುತ್ತಿದೆ ನನಗೆ, ಬರಲಿ, ಇವಳ ಎದುರಿಗೆ ಮುಚ್ಚಿಟ್ಟು ಗೆದ್ದದ್ದೇನಿದೆ, ನಾಲ್ಕೂ ಮೂವತ್ತೈದು, ಅವಳು ಫೋನು ಎತ್ತಿಕೊಂಡಳು, ಗೆರೆ ಮಿನುಗುತ್ತಿದೆ, ಹೆಬ್ಬೆರಳು ಅಳಿಸುವ ಗುಂಡಿಯ ಮೇಲೆ ಒತ್ತಿ ಕೂತಿತು, ಗೆರೆ ಹಿಂದಕ್ಕೆ ನಡೆಯತೊಡಗಿತು, ತಿಳಿಸುತ್ತೇನೆ ಹೋಯಿತು, ವಿಷಾದ ಹೋಯಿತು, ಆಗುತ್ತಿಲ್ಲ ಹೋಯಿತು, ಮನೆಯ ಕಾರಣ ಒಂದೊಂದೇ ಅಕ್ಷರ ಉದುರಿ ಹೋದೆ ನಾನು, ಹಗುರವಾಗಿ ಹೋದೆ, ನಂಬಿಕೆ ಹೋಯಿತು, ಅಯ್ಯೋ ಅದನ್ನು ಉಳಿಸೇ ಅಂದೆ, ಮತ್ತೆ ಬರೆದ್ರಾಯ್ತು ಬಿಡ್ರಿ ಅಂದಳು, ಈಗ ಬಿಳಿ, ಪೂರ್ತಿ ಬಿಳಿ, ಮಾನ್ಯರೇ ಅನ್ನುವ ಒಂದು ಪದ, ಅದರ ಮುಂದೆ ಅಲ್ಪವಿರಾಮ, ಅದರ ಪಕ್ಕದಲ್ಲಿ ಗೆರೆ, ಮೊಳಕೆಯ ಹಾಗೆ ನೆಟ್ಟಗೆ, ಮಿನುಗಿ ಮಾಯ, ಮಿನುಗಿ ಮಾಯ, ಅವಳ ಹೆಬ್ಬೆರಳು ಗಾಳಿಯಲ್ಲಿದೆ, ಗೆರೆ, ಕೊಳದ ನೀರು ಅವಳ ಗಾಜಿನಲ್ಲಿ ಕುಣಿಯುತ್ತಿದೆ, ಗೆರೆ, ಹೆಬ್ಬೆರಳು ಇಳಿಯಿತು, ಸಂ, ಅಂತ ಬಿತ್ತು, ಆಮೇಲೆ ತೋ, ಆಮೇಲೆ ಷ, ಸಂತೋಷದಿಂದ, ಅದರ ಪಕ್ಕದಲ್ಲಿ ಗೆರೆ, ಮಿನುಗುತ್ತಾ, ಗೆರೆ,